ತಗಡು ಬಡಿಯುವ ಅಳಿಯನಿಗೆ ಮಾವನ ಪತ್ರ

ಗುಬ್ಬಿ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಅಂತರಸನಹಳ್ಳಿಯ ಟಿಂಕರಿಂಗ್ ಶೆಡ್ಡಿಗೆ ಸೇರಿದೆ ಅಂತ ನಿನ್ನ ಅಮ್ಮ, ನನ್ನ ಅಕ್ಕ, ಹೇಳಿದಳು. ಮೇಸ್ತ್ರಿ ಬರೀ ಫೈಲ್, ಅಂದರೆ ಅರ, ಉಜ್ಜಿಸುತ್ತಾನೆ, ಸುತ್ತಿಗೆ ಮುಟ್ಟಲು ಬಿಡುವುದಿಲ್ಲ ಅಂತ ನೀನು ಗೊಣಗುವುದನ್ನೂ ಹೇಳಿದಳು. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ಮೊದಲು ಫೈಲಿನ ವಿಷಯ. ಅದು ಶಿಕ್ಷೆ ಅಲ್ಲ ಕಣಪ್ಪ. ಬಡಿದ ತಗಡಿನ ಮೇಲೆ ಬಾಡಿ ಫೈಲನ್ನು ಹಗುರವಾಗಿ ಎಳೆದು ನೋಡು. ಉಬ್ಬಿದ ಜಾಗ ಹೊಳೆಯುತ್ತದೆ, ತಗ್ಗು ಮಂಕಾಗಿ ಉಳಿಯುತ್ತದೆ. ಕಣ್ಣಿಗೆ ಕಾಣದ ಏರಿಳಿತ ಎರಡೇ ಎಳೆತಕ್ಕೆ ಕಂಡುಬಿಡುತ್ತದೆ. ಮೇಸ್ತ್ರಿ ನಿನಗೆ ನೋಡುವುದನ್ನು ಕಲಿಸುತ್ತಿದ್ದಾನೆ. ಎಲ್ಲಿ ಹೊಡೆಯಬೇಕು ಅನ್ನುವುದು ಗೊತ್ತಾಗುವ ಮೊದಲು ಸುತ್ತಿಗೆ ಕೊಟ್ಟರೆ ನೀನು ಏನು ಮಾಡುತ್ತೀಯ, ಅಲ್ವಾ? ಆದರೆ ಜಾಸ್ತಿ ಉಜ್ಜಬೇಡ. ಈಗಿನ ಕಾರಿನ ಹೊರತಗಡು ಸಾಮಾನ್ಯವಾಗಿ 0.7 ಮಿಲಿಮೀಟರ್ ಆಸುಪಾಸು. ಉಬ್ಬನ್ನು ಉಜ್ಜಿ ಸಮ ಮಾಡಲು ಹೋದರೆ ತಗಡು ಕಾಗದದಷ್ಟು ತೆಳುವಾಗುತ್ತದೆ. ಫೈಲು ಇರುವುದು ತೋರಿಸುವುದಕ್ಕೆ.

ಈಗ ನಿಮ್ಮ ಶೆಡ್ಡಿಗೆ ಬಂದಿರುವ ಅಂಬಾಸಿಡರ್ ಕಾರಿನ ಮಡ್‌ಗಾರ್ಡಿಗೆ ಬರೋಣ. ಹೆಡ್‌ಲೈಟಿನ ಪಕ್ಕ ತುಕ್ಕು ತಿಂದಿದೆಯಂತೆ. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಒಳ್ಳೆಯ ಮಡ್‌ಗಾರ್ಡ್ ಹುಡುಕಿಕೊಂಡು ಅಲೆಯುವ ಬದಲು ಹೊಸ ತಗಡಿನಲ್ಲಿ ತುಂಡು ಮಾಡಿ ಕೂರಿಸುತ್ತೇವೆ ಅಂತ ಮೇಸ್ತ್ರಿ ಒಪ್ಪಿಕೊಂಡಿದ್ದಾನೆ ಅಂದರೆ ಅವನು ಕೆಲಸ ಬಲ್ಲವನು. ಅವನ ಪಕ್ಕ ಬಿಟ್ಟು ಕದಲಬೇಡ.

ಆ ಜಾಗ ಎರಡು ದಿಕ್ಕಿಗೂ ಬಾಗಿರುತ್ತದೆ. ಒಂದೇ ದಿಕ್ಕಿಗೆ ಬಾಗಿದ ತಗಡನ್ನು ಯಾರು ಬೇಕಾದರೂ ಮಾಡುತ್ತಾರೆ. ಪೈಪಿನ ಮೇಲೆ ಒತ್ತಿದರೆ ಆಯಿತು. ಎರಡು ದಿಕ್ಕಿಗೆ ಬಾಗಬೇಕಾದರೆ ತಗಡು ಎಲ್ಲೋ ಹಿಗ್ಗಬೇಕು, ಇನ್ನೆಲ್ಲೋ ಕುಗ್ಗಬೇಕು. ಎಲ್ಲಿ ಯಾವುದು ಅಂತ ತಿಳಿಯಲು ಒಂದು ಉಪಾಯ ಇದೆ. ಇನ್ನೊಂದು ಬದಿಯ ಮಡ್‌ಗಾರ್ಡ್ ಚೆನ್ನಾಗಿದ್ದರೆ ಅದರ ಮೇಲೆ ದಪ್ಪ ಕಾಗದ ಒತ್ತಿ ಹಿಡಿ. ಕಾಗದ ಮುದುಡಿದ ಕಡೆ ತಗಡು ಕುಗ್ಗಬೇಕು. ಕಾಗದ ಬಿಗಿದು ಹರಿಯಲು ಬಂದ ಕಡೆ ತಗಡು ಹಿಗ್ಗಬೇಕು. ಕಾಗದದ ಮೇಲೆಯೇ ಪೆನ್ಸಿಲಿನಲ್ಲಿ ಗುರುತು ಹಾಕಿಕೋ. ತುಕ್ಕು ತಿಂದ ಬದಿಗೆ ಬಳಸುವಾಗ ಕಾಗದ ಮಗುಚಿ ಇಟ್ಟುಕೊಳ್ಳಬೇಕು ಅನ್ನುವುದು ಮರೆಯಬೇಡ.

ಇಡೀ ಪತ್ರದಲ್ಲಿ ನೀನು ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೋ. ಹಿಗ್ಗಿಸುವುದಕ್ಕೆ ತೋಳಿದ್ದರೆ ಸಾಕು. ಕುಗ್ಗಿಸುವುದಕ್ಕೆ ಕೆಲಸ ಗೊತ್ತಿರಬೇಕು. ಉಕ್ಕಿನ ಸುತ್ತಿಗೆ ಮೇಲೆ, ಉಕ್ಕಿನ ಡಾಲಿ (ತಗಡಿನ ಹಿಂದೆ ಆನಿಕೆಗೆ ಹಿಡಿಯುವ ಗಟ್ಟಿ) ಕೆಳಗೆ, ನಡುವೆ ತಗಡು ಸಿಕ್ಕಿದರೆ ಪ್ರತಿ ಏಟಿಗೂ ಅದು ತೆಳುವಾಗಿ ಅಗಲವಾಗುತ್ತದೆ. ಹೊಸ ಹುಡುಗರು ಡೆಂಟ್ ತೆಗೆಯುವಾಗ ಡಾಲಿಯನ್ನು ಸರಿಯಾಗಿ ಏಟಿನ ಕೆಳಗೇ ಹಿಡಿದು ಟಪಟಪ ಬಡಿಯುತ್ತಾರೆ. ಅಗಲವಾದ ತಗಡಿಗೆ ಹೋಗಲು ಜಾಗ ಇರುವುದಿಲ್ಲ. ಆಗ ಅದು ಉಬ್ಬುತ್ತದೆ, ಒತ್ತಿದರೆ ಪಟಕ್ ಅಂತ ಒಳಗೆ ಹೋಗುತ್ತದೆ, ಬಿಟ್ಟರೆ ಪಟಕ್ ಅಂತ ಹೊರಗೆ ಬರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದು ಕಳಿಸುವ ಶೆಡ್ಡುಗಳು ಬೇಕಾದಷ್ಟಿವೆ. ಒಂದು ಮಳೆಗಾಲ ಕಳೆದರೆ ಬಿರುಕು ಕಾಣುತ್ತದೆ.

ಡಾಲಿಯನ್ನು ತಗ್ಗಿನ ಕೆಳಗೆ ಒತ್ತಿ ಹಿಡಿ. ಸುತ್ತಿಗೆಯನ್ನು ಪಕ್ಕದ ಉಬ್ಬಿಗೆ ಹೊಡೆ. ಉಬ್ಬು ಇಳಿಯುತ್ತದೆ, ತಗ್ಗು ಏರುತ್ತದೆ, ತಗಡು ಹಿಗ್ಗುವುದಿಲ್ಲ. ಡೆಂಟ್ ಬಿದ್ದಾಗ ಕೊನೆಗೆ ಮಡಿದ ಜಾಗವನ್ನು ಮೊದಲು ಬಿಡಿಸು. ಬಿದ್ದ ಕ್ರಮಕ್ಕೆ ಉಲ್ಟಾ ಹೋದರೆ ಅರ್ಧ ಕೆಲಸ ತಾನಾಗೇ ಮುಗಿಯುತ್ತದೆ.

ಹೊಸ ತುಂಡಿನ ಅಂಚು ಕುಗ್ಗಿಸಬೇಕಾದರೆ ಸೀರೆಗೆ ನೆರಿಗೆ ಹಿಡಿದ ಹಾಗೆ ಅಂಚಿನಲ್ಲಿ ಸಣ್ಣ ಸಣ್ಣ ಮಡಿಕೆ ಎಬ್ಬಿಸು. ಆಮೇಲೆ ಮರದ ಕೊಡತಿಯಿಂದ ಆ ಮಡಿಕೆಯನ್ನು ಅದರೊಳಕ್ಕೇ ಅದುಮು. ಮಡಿಕೆ ಬಿಚ್ಚಿಕೊಂಡು ಚಪ್ಪಟೆಯಾದರೆ ಕೆಲಸ ವ್ಯರ್ಥ. ಒಂದರ ಮೇಲೊಂದು ಮಗುಚಿಕೊಂಡರೆ ಅಲ್ಲೇ ಬಿರುಕು. ಸರಿಯಾಗಿ ಅದುಮಿದರೆ ಆ ಅಂಚು ಮೊದಲಿಗಿಂತ ದಪ್ಪವಾಗುತ್ತದೆ. ಕ್ಯಾಲಿಪರ್ ಹಿಡಿದು ನೋಡು, ನಂಬಿಕೆ ಬರುತ್ತದೆ. ನಾನು ಅಡಿಕೆ ಬೇಯಿಸುವ ತಾಮ್ರದ ಹಂಡೆ ಬಡಿಯುವ ಕಾಲದಲ್ಲೂ ಬಾಯಿ ಕಿರಿದು ಮಾಡುವುದು ಇದೇ ದಾರಿಯಲ್ಲಿ. ಕಾರಾದರೇನು, ಹಂಡೆಯಾದರೇನು.

ಆಗಲೇ ಹಿಗ್ಗಿಹೋದ ಜಾಗಕ್ಕೆ ಬೆಂಕಿ ಬೇಕು. ಉಬ್ಬಿನ ನೆತ್ತಿಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಕೆಂಪಗೆ ಕಾಯಿಸು. ಕಾದ ತಗಡು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಹಾಗಾಗಿ ಅಲ್ಲೇ ದಪ್ಪವಾಗುತ್ತದೆ. ಕೆಳಗೆ ಡಾಲಿ ಇಟ್ಟು ಸುತ್ತಲೂ ಹಗುರವಾಗಿ ತಟ್ಟಿ, ಒದ್ದೆ ಬಟ್ಟೆ ಒತ್ತು. ತಣ್ಣಗಾಗುತ್ತಾ ಸುತ್ತಲಿನದನ್ನೂ ಎಳೆದುಕೊಳ್ಳುತ್ತದೆ. ಒಂದು ಚುಕ್ಕೆ ಆದ ಮೇಲೆ ನಿಲ್ಲಿಸಿ ಕೈಯಾಡಿಸಿ ನೋಡು. ಅವಸರಕ್ಕೆ ನಾಲ್ಕು ಕಡೆ ಕಾಯಿಸಿದರೆ ಇಡೀ ಬಾಗಿಲು ಸೊಟ್ಟಗಾಗುತ್ತದೆ.

ಬೆಂಕಿಯ ವಿಷಯದಲ್ಲಿ ಇನ್ನೂ ಕೆಲವು ಮಾತು. ತಾಮ್ರ ಬಡಿದು ಬಡಿದು ಗಟ್ಟಿಯಾದಾಗ ಮಬ್ಬುಗೆಂಪಿಗೆ ಕಾಯಿಸಿ ನೀರಿಗೆ ಹಾಕಿದರೂ ಮೆತ್ತಗೇ ಬರುತ್ತದೆ. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಸುವುದಿಲ್ಲ, 660 ಡಿಗ್ರಿಗೆ ಸೀದಾ ಕರಗಿ ಬೀಳುತ್ತದೆ. ಅದಕ್ಕೆ ಬಟ್ಟೆ ಸೋಪು ಉಜ್ಜಿ ಹಿಂದಿನಿಂದ ಕಾಯಿಸು. ಸೋಪು ಕಪ್ಪಗಾದ ತಕ್ಷಣ ಬೆಂಕಿ ತೆಗೆ. ಸತು ಲೇಪಿಸಿದ ಜಿಐ ಶೀಟನ್ನು ಮುಚ್ಚಿದ ಜಾಗದಲ್ಲಿ ಕಾಯಿಸಲೇಬೇಡ. ಸತುವಿನ ಹೊಗೆ ಕುಡಿದರೆ ರಾತ್ರಿ ಜ್ವರ, ನಡುಕ. ಹಾಲು ಕುಡಿದರೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಇನ್ನು ಹೊಸ ಕಾರುಗಳಲ್ಲಿ ಬಾಗಿಲುಗಳ ನಡುವಿನ ಕಂಬಕ್ಕೆ ತುಂಬಾ ಗಟ್ಟಿಯಾದ ಉಕ್ಕು ಹಾಕಿರುತ್ತಾರೆ. ಅದನ್ನು ಕಾಯಿಸಿ ನೆಟ್ಟಗೆ ಮಾಡಿದರೆ ನೋಡಲು ಚೆನ್ನಾಗಿರುತ್ತದೆ, ಬಲ ಹೋಗಿರುತ್ತದೆ. ಮುಂದೆ ಅಪಘಾತವಾದರೆ ಒಳಗಿರುವವರ ಪ್ರಾಣದ ಪ್ರಶ್ನೆ. ಗಿರಾಕಿ ಎಷ್ಟು ಒತ್ತಾಯ ಮಾಡಿದರೂ ಆಗುವುದಿಲ್ಲ ಅನ್ನು. ಮೇಸ್ತ್ರಿ ಹೇಳಿದರೂ ಸರಿ.

ಹೆಲಿಕಾಪ್ಟರ್ ಕಾರ್ಖಾನೆಗೆ ಅರ್ಜಿ ಹಾಕಲಾ ಅಂತ ಕೇಳಿದ್ದೆಯಂತೆ. ಹಾಕು. 2023ರಲ್ಲಿ ನಮ್ಮ ತಾಲ್ಲೂಕಿನಲ್ಲೇ ಎಚ್‌ಎಎಲ್ ಘಟಕ ಉದ್ಘಾಟನೆಯಾಯಿತು, ಮನೆ ಹತ್ತಿರ ಕೆಲಸ ಸಿಕ್ಕರೆ ಅಕ್ಕನಿಗೂ ನೆಮ್ಮದಿ. ಐಟಿಐ ಸರ್ಟಿಫಿಕೇಟು ಜೋಪಾನವಾಗಿಡು. ಆದರೆ ಕರೆ ಬರುವವರೆಗೆ ಶೆಡ್ಡು ಬಿಟ್ಟು ಮನೆಯಲ್ಲಿ ಸುಮ್ನೆ ಕೂರಬೇಡ.

ಕಿವಿಗೆ ಇಯರ್‌ಪ್ಲಗ್ ಹಾಕಿಕೋ. ಬೇರೆ ಹುಡುಗರು ನಕ್ಕರೆ ನಗಲಿ. ಸುತ್ತಿಗೆ ಸದ್ದಿಗೆ ಹೋದ ಕಿವಿ ಮತ್ತೆ ಬರುವುದಿಲ್ಲ. ಕತ್ತರಿಸಿದ ತಗಡಿನ ಅಂಚನ್ನು ಮೊದಲು ಅರದಿಂದ ಮೊಂಡು ಮಾಡಿ ಆಮೇಲೆ ಕೈ ಹಾಕು.

ಸಲಕರಣೆಗೆ ಈಗಲೇ ದುಡ್ಡು ಸುರಿಯಬೇಡ. ಒಂದು ಸುತ್ತಿಗೆ, ಒಂದು ಡಾಲಿ, ಒಂದು ಕೊಡತಿ, ತಗಡು ಇಟ್ಟು ಬಡಿಯಲು ದಪ್ಪ ಚರ್ಮದ ಚೀಲದಲ್ಲಿ ಒಣ ಮರಳು. ಸುತ್ತಿಗೆಯ ಮುಖದಲ್ಲಿ ಒಂದು ಗೀರಿದ್ದರೂ ಅದು ಪ್ರತಿ ಏಟಿಗೂ ತಗಡಿನ ಮೇಲೆ ಅಚ್ಚೊತ್ತುತ್ತದೆ, ಹಾಗಾಗಿ ಎಮರಿ ಕಾಗದ ಹಾಕಿ ಕನ್ನಡಿಯಂತೆ ಉಜ್ಜಿಟ್ಟುಕೋ. ಅದರಲ್ಲಿ ಮೊಳೆ ಹೊಡೆಯಲು ಯಾರಿಗೂ ಕೊಡಬೇಡ. ಕೊಡತಿ ಕೊಳ್ಳಬೇಡ, ನನ್ನ ಹತ್ತಿರ ಹುಣಸೆ ಮರದ್ದು ಎರಡಿದೆ. ಭಾನುವಾರ ಬಂದು ತೆಗೆದುಕೊಂಡು ಹೋಗು. ಬರುವಾಗ ಮೇಸ್ತ್ರಿಯನ್ನು ಕೇಳಿ, ನೀನು ಅಂಚು ಕುಗ್ಗಿಸಿದ ಒಂದು ತುಂಡು ತಾ. ಪಾಲಿಶ್ ಮಾಡಬೇಡ, ಏಟು ಬಿದ್ದ ಹಾಗೇ ಇರಲಿ.

ಇಂತಿ ನಿನ್ನ ಮಾವ