ಉಸ್ತುವಾರಿ ಸಚಿವರೇ, ನಮ್ಮ ಪೋಡಿಗೆ ಸಹಿ ಹಾಕುವವರು ಯಾರು?

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ ದರಖಾಸ್ತಿನಲ್ಲಿ ನಮ್ಮಪ್ಪನಿಗೆ ಮಂಜೂರಾದ 2 ಎಕರೆಗೆ ಪೋಡಿ ಮಾಡಿಕೊಡಿ, ಅಂದರೆ ಅಳೆದು ಬೇರೆ ನಂಬರ್ ಕೊಡಿ ಅಂತ 11 ವರ್ಷದಿಂದ ಅಲೆಯುತ್ತಿದ್ದೇನೆ. ಪಹಣಿಯಲ್ಲಿ ಇವತ್ತಿಗೂ ತಾತ್ಕಾಲಿಕ ಪಿ ನಂಬರೇ ಇದೆ. ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತ ಸಿಗುತ್ತಿಲ್ಲ. ಕಡತ ಬಾರದೆ ಅಳತೆ ಇಲ್ಲ ಅನ್ನುತ್ತಾರೆ ಸರ್ವೆಯವರು. ಉಪವಿಭಾಗಾಧಿಕಾರಿ (ಎಸಿ) ಕಚೇರಿಯಲ್ಲಿ, ‘ಮೇಲಿಂದ ಹೇಳಿಸಿ’. ಮೇಲೆ ಅಂದರೆ ತಾವೇ ಅಂದುಕೊಂಡು ಜನಸ್ಪಂದನ ಸಭೆಗೆ ಬಂದೆ. ತಾವು ಅರ್ಜಿಯ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ‘ನಿಯಮಾನುಸಾರ ಕ್ರಮ ಕೈಗೊಳ್ಳಿ’ ಅಂತ ಬರೆದಿರಿ. ಕೈಮುಗಿದು ಬಸ್ ಹತ್ತಿದೆ.

ಮೂರು ತಿಂಗಳಿಗೆ ನೋಟಿಸ್ ಬಂತು, ನಮ್ಮಪ್ಪನ ಹೆಸರಿಗೆ. ವಿಚಾರಣೆಗೆ ಖುದ್ದು ಹಾಜರಾಗತಕ್ಕದ್ದು, ತಪ್ಪಿದಲ್ಲಿ ಅರ್ಜಿ ವಜಾ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮರಣ ಪ್ರಮಾಣಪತ್ರ ಅದೇ ಅರ್ಜಿಗೆ ಪಿನ್ ಹೊಡೆದಿತ್ತು. ಅಮ್ಮ ಆ ಲಕೋಟೆಯನ್ನು ಅಪ್ಪನ ಫೋಟೊ ಹಿಂದೆ ಸಿಕ್ಕಿಸಿಟ್ಟಿದ್ದಾಳೆ. ಆ ದಿನ ನಾನು ಹೋದೆ. ಗುಮಾಸ್ತರು ತಲೆಯೆತ್ತದೆ, ‘ಅವರ್ಯಾಕೆ ಬರಲಿಲ್ಲ?’ ಅಂದರು. ಹೇಳಿದೆ. ‘ಹಂಗಾದ್ರೆ ಪೌತಿ ಖಾತೆ ಮಾಡಿಸ್ಕೊಂಡು ಬನ್ನಿ.’ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಆ ಪೌತಿ ಕೇಳಿದರೆ, ‘ಮೊದ್ಲು ಪೋಡಿ ಆಗ್ಲಿ.’

ಯಾರ ಸಹಿ ಬೇಕು? ಅಷ್ಟು ಹೇಳಿ ಸಾಕು.

ಅಧಿಕಾರದ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದೇಶ ಹೊರಡುವುದು ರಾಜ್ಯಪಾಲರ ಹೆಸರಿನಲ್ಲಿ, ರಾಜ್ಯಪಾಲರು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ, ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ ಅನ್ನುತ್ತದೆ 164ನೇ ವಿಧಿ. ಒಟ್ಟಾಗಿ! ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ಸೇರಿ 34 ಕುರ್ಚಿ. ಅಷ್ಟೂ ಮಂದಿಗೆ ಸೇರಿದ ಹೊಣೆ ನನ್ನ ಕಡತದ ಹತ್ತಿರ ಬರುವಾಗ ಯಾರದೂ ಅಲ್ಲ. ‘ಇದು ಕಂದಾಯ ಇಲಾಖೆಯದು, ಮಾತಾಡ್ತೀನಿ’ ಅಂದಿರಿ. ಉಸ್ತುವಾರಿ ಸಚಿವ ಅನ್ನುವ ಹೆಸರು ಸಂವಿಧಾನದಲ್ಲಿ ಇಲ್ಲ, ಒಪ್ಪಿದೆ. ಉಪಮುಖ್ಯಮಂತ್ರಿಯ ಹೆಸರೂ ಇಲ್ಲ ಬಿಡಿ, ಅದಕ್ಕೇನು ಕಿತ್ತಾಟ ಕಡಿಮೆಯೇ? ಆದರೆ ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ನೀವು ಮೈಕು ಹಿಡಿದು ಅಧಿಕಾರಿಗಳನ್ನು ಗದರುವಾಗ ಅದು ಯಾರ ಇಲಾಖೆ ಅಂತ ಕೇಳಿದ್ದನ್ನು ನಾನಂತೂ ಟಿವಿಯಲ್ಲಿ ನೋಡಿಲ್ಲ. ಧ್ವಜ ಹಾರಿಸುವ ದಿನವೂ ಜಿಲ್ಲೆ ಪೂರ್ತಿ ನಿಮ್ಮದೇ.

ಆ ಗದರಿಕೆಯಲ್ಲಿ ಒಂದು ಚೂರು ನಮ್ಮ ಕಡತದ ಕಡೆ ತಿರುಗಿಸಿ ಸ್ವಾಮಿ. ಪೋಡಿ ಮಾಡಿಸಿ. ಆಗದಿದ್ದರೆ, ಯಾರ ಸಹಿ ಬೇಕು ಅಂತ ಒಂದೇ ಒಂದು ಸಾಲು, ಅದೇ ಹಸಿರು ಶಾಯಿಯಲ್ಲಿ, ಬರೆದುಕೊಡಿ. ‘ನಿಯಮಾನುಸಾರ’ ಮಾತ್ರ ಬೇಡ.

ಅಪ್ಪನಿಗೆ ಇನ್ನೊಂದು ನೋಟಿಸ್ ಕಳಿಸುವುದಿದ್ದರೆ ವಿಳಾಸ ಬದಲಾಗಿದೆ: ಅದೇ ಸರ್ವೆ ನಂಬರ್, ಮೂಡಲ ಬದು, ಹೊಂಗೆ ಮರದ ಕೆಳಗೆ.

ಇಂತಿ,
ಅರ್ಜಿದಾರನ ಮಗ, ಈಗ ಅರ್ಜಿದಾರ