ಫಿನೀಷಿಯನ್ನರು ಎನ್ನುವ ಮುನ್ನ ಊರಿನ ಹೆಸರು ಓದಿ

ಮಾನ್ಯರೇ,

ಪ್ರಾಚೀನ ಮೆಡಿಟರೇನಿಯನ್ ಕುರಿತ ಬರಹಗಳಲ್ಲಿ ‘ಫಿನೀಷಿಯನ್ ರಾಷ್ಟ್ರ’, ‘ಫಿನೀಷಿಯನ್ ಜನಾಂಗ’ ಎಂಬ ಮಾತು ಸಲೀಸಾಗಿ ಬಂದುಬಿಡುತ್ತದೆ. ಆ ಹೆಸರು ಗ್ರೀಕರು ಇಟ್ಟದ್ದು. ಇಂದಿನ ಲೆಬನಾನ್ ಕರಾವಳಿಯ ಟೈರ್, ಸಿಡಾನ್, ಬಿಬ್ಲೋಸ್‌ನವರು ತಮ್ಮನ್ನು ಗುರುತಿಸಿಕೊಂಡದ್ದು ಊರಿನ ಹೆಸರಿನಿಂದ.

ಅಥೆನ್ಸ್‌ನಲ್ಲಿ ಸಿಕ್ಕ ಸಮಾಧಿಗಲ್ಲೊಂದರ ಮೇಲೆ ಗ್ರೀಕ್, ಫಿನೀಷಿಯನ್ ಎರಡೂ ಭಾಷೆಗಳ ಬರಹವಿದೆ. ಸತ್ತವನು ಗ್ರೀಕಿನಲ್ಲಿ ಅಫ್ರೋಡಿಸಿಯೋಸ್‌ನ ಮಗ ಆಂಟಿಪತ್ರೋಸ್, ಫಿನೀಷಿಯನ್‌ನಲ್ಲಿ ಅಬ್ದಷ್ಟಾರ್ತನ ಮಗ ಶೆಮ್. ಅವನ ಹೆಸರೂ ಅಪ್ಪನ ಹೆಸರೂ ಬದಲಾಗಿವೆ. ಬದಲಾಗದೆ ಉಳಿದದ್ದು ‘ಅಷ್ಕೆಲಾನಿನವನು’ ಎಂಬುದೊಂದೇ. ಕಲ್ಲು ನಿಲ್ಲಿಸಿದವನೂ ಎರಡರಲ್ಲೂ ‘ಸಿಡಾನಿನವನು’.

ನಾಣ್ಯಗಳಲ್ಲಂತೂ ಈ ಊರಭಿಮಾನ ಜಗಳಕ್ಕೇ ನಿಂತಿದೆ. ಕ್ರಿ.ಪೂ. 2ನೇ ಶತಮಾನದಲ್ಲಿ, ಸಿರಿಯಾದ ಸೆಲ್ಯೂಸಿಡ್ ವಂಶದ ದೊರೆ 4ನೇ ಆಂಟಿಯೋಕಸ್ ಆಳುತ್ತಿದ್ದಾಗ, ಸಿಡಾನ್ ತಾನು ಕಾರ್ಥೇಜ್, ಹಿಪ್ಪೋ, ಕಿಟಿಯೋನ್, ಟೈರ್ ಊರುಗಳ ತಾಯಿ ಎಂದು ನಾಣ್ಯದಲ್ಲಿ ಬರೆಸಿತು. ಅದೇ ದೊರೆಯ ಕಾಲದ ಟೈರ್ ನಾಣ್ಯ ನೋಡಿದರೆ, ಟೈರೇ ಸಿಡಾನಿನವರ ತಾಯಿ!

ಓದುವವರು ಎಡವುವುದೂ ಇಲ್ಲೇ. ಫಿನೀಷಿಯನ್ ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ, ಸ್ವರ ಬರೆಯುವುದಿಲ್ಲ. ಆಲೆಫ್, ಮೆಮ್ ಎಂಬ ಅಕ್ಷರಗಳು ಸೇರಿದರೆ ‘ತಾಯಿ’. ಅಯಿನ್, ಮೆಮ್ ಸೇರಿದರೆ ‘ಜನ’. ಸವೆದ ನಾಣ್ಯದಲ್ಲಿ ಮೊದಲ ಅಕ್ಷರ ತಪ್ಪಿದರೆ ಅರ್ಥವೇ ಬೇರೆ. ಇನ್ನು ಆ ‘ಜನ’ ಎಂಬ ಪದವೂ ಊರಿಗೇ ಅಂಟಿಕೊಂಡದ್ದು: ಟೈರ್‌ನ ದಕ್ಷಿಣಕ್ಕಿರುವ ಉಮ್ ಎಲ್ ಅಮದ್‌ ಎಂಬ ಹಾಳೂರಿನ ಶಾಸನವೊಂದು ಕ್ರಿ.ಪೂ. 132ನ್ನು ‘ಟೈರ್ ಜನರ 143ನೇ ವರ್ಷ’ ಎಂದು ಎಣಿಸುತ್ತದೆ.

ಭಾಷೆ, ಲಿಪಿ, ದೇವರುಗಳಲ್ಲಿ ನಂಟು ಇತ್ತು, ನಿಜ. ಅಷ್ಟರಿಂದ ರಾಷ್ಟ್ರವಾಗದು. 1920ರಲ್ಲಿ ಫ್ರೆಂಚರು ಮಹಾ ಲೆಬನಾನ್ ಘೋಷಿಸಿದ ಆಸುಪಾಸಿನಲ್ಲಿ ಬೈರೂತಿನ ಕೆಲ ಲೇಖಕರು ‘ನಾವು ಫಿನೀಷಿಯನ್ನರ ವಾರಸುದಾರರು’ ಎಂದರು. ಫಿನೀಷಿಯನ್ನರೂ ಅರೇಬಿಯಾದಿಂದ ಬಂದವರೇ ಎಂಬುದು ಅರಬ್ ರಾಷ್ಟ್ರೀಯವಾದಿಗಳ ಉತ್ತರ. ಫಿನೀಷಿಯನ್ನರೆಲ್ಲ ಒಂದೇ ಜನವಾಗಿದ್ದರೇ ಎಂಬ ಪ್ರಶ್ನೆಯನ್ನು ಈ ವಾದದಲ್ಲಿ ಎರಡೂ ಕಡೆಯವರು ಕೇಳಲೇ ಇಲ್ಲ.

ಕನ್ನಡದಲ್ಲಿ ಈ ಚರಿತ್ರೆ ಬರೆಯುವವರಲ್ಲಿ ಕಳಕಳಿಯ ಕೋರಿಕೆ: ಶಾಸನದಲ್ಲಿ ‘ಸಿಡಾನಿನವನು’ ಎಂದಿದ್ದರೆ ಹಾಗೆಯೇ ಬರೆಯಿರಿ, ‘ಫಿನೀಷಿಯನ್’ ಪದವನ್ನು ಭಾಷೆಗೆ, ಲಿಪಿಗೆ ಮೀಸಲಿಡಿ.

– ಇತಿಹಾಸ ಅಧ್ಯಾಪಕ, ಮೈಸೂರು