ನಿನ್ನ ದೆವ್ವಕ್ಕೆ ವಿಳಾಸ ಇಲ್ಲ

ಪ್ರೀತಿಯ ತಮ್ಮ,

ನಿನ್ನ ಕಥೆ ತಲುಪಿತು. ಎರಡು ಸಲ ಓದಿದೆ. ಮೊದಲು ರಾತ್ರಿ, ಹೆದರಿಕೆ ಆಗಲಿ ಅಂತ. ಆಗಲಿಲ್ಲ. ಆಮೇಲೆ ಬೆಳಿಗ್ಗೆ, ಯಾಕೆ ಆಗಲಿಲ್ಲ ಅಂತ ನೋಡೋಕೆ.

ಜುಲೈ ತಿಂಗಳು, ಆಗುಂಬೆ ಘಾಟಿ, ರಾತ್ರಿ 12 ಗಂಟೆ, ಮಂಜು. ತಿರುವಿನಲ್ಲಿ ಬಿಳಿ ಸೀರೆಯ ಹೆಂಗಸು. ನಿನ್ನ ನಾಯಕ ಬೈಕ್ ನಿಲ್ಲಿಸಿ ಅರ್ಧ ಗಂಟೆ ಕಾಡೊಳಗೆ ಅವಳ ಹಿಂದೆ ನಡೆಯುತ್ತಾನೆ. ಅಲ್ಲ ಮಾರಾಯ, ಆ ಮಳೆಯಲ್ಲಿ ಅವನಿಗೆ ರಕ್ತ ಹೀರುವ ಒಂದೇ ಒಂದು ಉಂಬಳ ಹತ್ತಲಿಲ್ಲವಾ?

ಆ ಘಾಟಿಯ 14 ತಿರುವನ್ನೂ ನಾನು ಮಳೆಗಾಲದ ರಾತ್ರಿ ಇಳಿದಿದ್ದೇನೆ. ಹೆಡ್‌ಲೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ. ಎದುರಿಗೆ ಸುಣ್ಣ ಬಳಿದ ಗೋಡೆ ನಿಲ್ಲಿಸಿದ ಹಾಗೆ. ಅಲ್ಲಿ ಕಣ್ಣಿಗೆ ಬೀಳದ ಬಣ್ಣ ಯಾವುದಾದರೂ ಇದ್ದರೆ ಅದು ಬಿಳಿ. ಅವಳು ಕಂಬಳಿ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ಹಾಲಿನ ಕ್ಯಾನ್ ಹಿಡಿದು ನಿಂತಿದ್ದರೆ ನಾನು ಹೆದರುತ್ತಿದ್ದೆ. ಅಷ್ಟು ಹೊತ್ತಿನಲ್ಲಿ ಹಾಲು ಯಾರಿಗೆ?

ಬಿಳಿ ಸೀರೆ, ಗೆಜ್ಜೆ, ಹಿಂದುಮುಂದಾದ ಪಾದ ಎಲ್ಲ ಊರಿಗೂ ಹೊಂದುತ್ತವೆ. ಮುಂಬೈಗೂ ಆಗುತ್ತೆ. ನಮ್ಮ ಕಡೆಯವಕ್ಕೆ ವಿಳಾಸ ಇದೆ. ಇಂಥವರ ತೋಟದ ಚೌಡಿ, ಇಂಥ ಹಕ್ಕಲಿನ ಭೂತಪ್ಪ. ಹಳ್ಳ ದಾಟಿದರೆ ಅವನ ಗಡಿ ಮುಗೀತು, ಆಚೆ ಇನ್ನೊಬ್ಬ. ನೀನು ಭೂತ, ದೆವ್ವ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀಯ. ಸತ್ತು ಅಲೆಯುವುದು ದೆವ್ವ. ಭೂತಪ್ಪ ಕಾವಲಿನವನು. ಮರದ ಬುಡದಲ್ಲಿ ಕಲ್ಲಾಗಿ ಕೂತಿರುತ್ತಾನೆ. ಕಾಯಿಯೋ ಕೋಳಿಯೋ, ಅವನದು ಅವನಿಗೆ ಸಲ್ಲಬೇಕು. ಸಾಗರ ತಾಲೂಕಿನ ಸುತ್ತಮುತ್ತ ತೋಟದ ಬೇಲಿ ನೋಡುತ್ತಾ ಹೋಗು. ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ ಅಂತ ಬೋರ್ಡ್ ಕಾಣುತ್ತದೆ. ಅಡಿಕೆ ಕಳ್ಳ ಸಿಸಿ ಕ್ಯಾಮೆರಾಕ್ಕಿಂತ ಅದಕ್ಕೇ ಜಾಸ್ತಿ ಹೆದರುತ್ತಾನೆ ಅಂತ ನನ್ನ ಗುಮಾನಿ.

ನಾನೂ ಎಡವಿದವನೇ. ಶುರುವಿನಲ್ಲಿ ಒಂದು ಕಥೆಯಲ್ಲಿ ನಮ್ಮ ಪಕ್ಕದೂರಿನ ಭೂತಪ್ಪನ ಕೈಯಿಂದ ಮರಗಳ್ಳನೊಬ್ಬನ ಕುತ್ತಿಗೆ ಮುರಿಸಿದ್ದೆ. ಆ ಜಾಗದ ಯಜಮಾನರು ಮನೆಗೆ ಬಂದರು. ಕಾಫಿ ಕುಡಿದರು. ಎದ್ದು ಹೊರಡುವಾಗ, "ಚೆನ್ನಾಗಿ ಬರ್ದಿದೀಯ. ಆದ್ರೆ ನಮ್ಮ ಭೂತಪ್ಪ ಕೊಲ್ಲಲ್ಲ ಮಾರಾಯ, ದಾರಿ ತಪ್ಪಿಸ್ತಾನೆ ಅಷ್ಟೆ" ಅಂದರು. ಅವರ ದೊಡ್ಡಪ್ಪ ಸೊಪ್ಪು ತರಲು ಹೋದವರು ಸಂಜೆಯಿಂದ ಬೆಳಗಿನವರೆಗೆ ತಮ್ಮದೇ ಸೊಪ್ಪಿನಬೆಟ್ಟದಲ್ಲಿ ಸುತ್ತಿದ್ದರಂತೆ. ಮನೆಯ ದೀಪ ಕಾಣುತ್ತಿತ್ತಂತೆ. ಕೊಟ್ಟಿಗೆಯಲ್ಲಿ ದನ ಕೂಗುವುದೂ ಕೇಳುತ್ತಿತ್ತಂತೆ. ಹೋಗಿ ಮುಟ್ಟೋಕೆ ಮಾತ್ರ ಆಗಲಿಲ್ಲ. ನಾನು ಮುರಿಸಿದ ಕುತ್ತಿಗೆ ಅದರ ಮುಂದೆ ಏನು?

ಕಥೆ ಹೇಳುವುದನ್ನು ನಾನು ನೋಡಿದ್ದು ಅಡಿಕೆ ಸುಲಿಯುವಲ್ಲಿ. ಅಡಿಕೆ ಗೊನೆ ಕೊಯ್ಯುವ ಕಾಲ, ಚಳಿ. ರಾತ್ರಿ ಊಟ ಮುಗಿಸಿ ಹತ್ತು ಹದಿನೈದು ಜನ ಮೆಟ್ಟುಗತ್ತಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ, ಹಾಕಿಕೊಂಡು ಕೂರುತ್ತಿದ್ದರು. ಅಡಿಕೆಯ ಚೊಗರು ಹತ್ತಿ ಬೆರಳೆಲ್ಲ ಕಪ್ಪು. ಸುಲಿದಷ್ಟಕ್ಕೆ ಕೂಲಿ. ತೂಕಡಿಸಿದರೆ ಕೂಲಿಯೂ ಹೋಯಿತು, ಬೆರಳೂ ಹೋಯಿತು. ಅದಕ್ಕೇ ಕಥೆ. ಒಬ್ಬರು ಅಜ್ಜಿ ಇದ್ದರು, ಮುಖ ಎತ್ತದೆ ಹೇಳುತ್ತಿದ್ದರು. ಕಿವಿ ಮಾತ್ರ ಕತ್ತಿಗಳ ಮೇಲೆ. ಚರಕ್ ಚರಕ್ ಸದ್ದು ನಿಧಾನವಾದರೆ ಜನಕ್ಕೆ ನಿದ್ದೆ ಬರುತ್ತಿದೆ ಅಂತ ಲೆಕ್ಕ. ತಕ್ಷಣ ಕಥೆಯಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದರು. ಸದ್ದು ಪೂರ್ತಿ ನಿಂತರೆ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾರೆ, ಕೆಲಸ ನಿಂತಿದೆ. ಆಗ ದೆವ್ವವನ್ನು ಹಿತ್ತಲಲ್ಲೇ ನಿಲ್ಲಿಸಿ, "ಆ ಬುಟ್ಟಿ ಈಚೆ ತಳ್ಳೇ" ಅನ್ನುತ್ತಿದ್ದರು. ಬುಟ್ಟಿ ಬಂದು ಅಜ್ಜಿಯ ಕೈ ಸೇರುವವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ. ನಿನ್ನ ಕಥೆಯಲ್ಲಿ ಯಾರೂ ಬುಟ್ಟಿ ತಳ್ಳುವುದಿಲ್ಲ. ಶುರುವಿನಿಂದ ಕೊನೆಯವರೆಗೂ ಕಿರುಚಾಟ.

ತೊಂಬತ್ತರ ದಶಕದಲ್ಲಿ ಬಾಗಿಲಿಗೆಲ್ಲ 'ನಾಳೆ ಬಾ' ಅಂತ ಬರೆದದ್ದು ನೀನು ಕೇಳಿರಬೇಕು. ರಾತ್ರಿ ಬರುವ ಹೆಣ್ಣುದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತಾಳೆ, ಓಗೊಟ್ಟರೆ ಮುಗೀತು. ಬರಹ ಓದಿದರೆ ವಾಪಸ್ ಹೋಗುತ್ತಾಳೆ. ನಮ್ಮ ಪಕ್ಕದ ಮನೆಯಲ್ಲಿ ಬರೆಯುವ ಕೆಲಸ ಎರಡನೇ ಕ್ಲಾಸಿನ ಹುಡುಗಿಗೆ ಬಿತ್ತು. ಇದ್ದಿಲಿನಲ್ಲಿ 'ನಳೆ ಬಾ' ಅಂತ ಬರೆದಳು. ಮಲಗಿದ ಮೇಲೆ ದೀರ್ಘ ಬಿಟ್ಟದ್ದು ನೆನಪಾಯಿತು. ಬಾಗಿಲು ತೆಗೆದು ತಿದ್ದುವ ಹಾಗಿಲ್ಲ. ದೆವ್ವಕ್ಕೆ ಅರ್ಥ ಆಗದೇ ಹೋದರೆ ಅಂತ ರಾತ್ರಿಯೆಲ್ಲ ಅತ್ತಳಂತೆ. ನನಗೆ ದೆವ್ವಕ್ಕಿಂತ ಆ ಹುಡುಗಿಯೇ ಜಾಸ್ತಿ ನೆನಪಿದ್ದಾಳೆ.

ಇನ್ನು ನಿನ್ನ ಕೊನೆಯ ಪ್ಯಾರಾ. ಕಾಡಿನಲ್ಲಿ ಕಂಡ ಕೊಳ್ಳಿದೆವ್ವ ಬರೀ ಮಿನುಗುವ ಅಣಬೆ ಅಂತ ಹೇಳಿ ಮುಗಿಸಿದ್ದೀಯ. ಅಂಥ ಅಣಬೆ ಇರುವುದು ನಿಜ. ಮಳೆಗಾಲದಲ್ಲಿ ನೆನೆದು ಕೊಳೆತ ಕೊಂಬೆಯ ಮೇಲೆ ತೆಳು ಹಸಿರು ಬೆಳಕು, ನಾನೇ ನೋಡಿದ್ದೇನೆ. ಆದರೆ ಅದು ಕೊಂಬೆ ಬಿಟ್ಟು ಕದಲುವುದಿಲ್ಲವಲ್ಲ! ನೀನೇ ಎರಡು ಪುಟ ಹಿಂದೆ ಆ ಬೆಳಕು ಗದ್ದೆಯ ಅಂಚಿನ ಮೇಲೆ ನಡೆದು ಬಂತು ಅಂತ ಬರೆದಿದ್ದೀಯ. ಆ ಪ್ಯಾರಾ ತೆಗೆದುಬಿಡು. ಸುಮ್ನೆ ಬುದ್ಧಿವಂತಿಕೆ.

ಒಂದು ಕೆಲಸ ಹೇಳುತ್ತೇನೆ, ಮಾಡುತ್ತೀಯಾ? 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಊರುಗಳ ಜನ ಶಿವಮೊಗ್ಗದ ಸುತ್ತ ಬಂದು ಕೂತರು. ಹಳಬರು ಇನ್ನೂ ಕೆಲವರು ಇದ್ದಾರೆ. ಮನೆ, ಗದ್ದೆ, ಪರಿಹಾರ ಎಲ್ಲ ಎಲ್ಲರೂ ಕೇಳಿ ಆಗಿದೆ. ನೀನು ಊರ ಭೂತಪ್ಪ ಏನಾದ ಅಂತ ಕೇಳು. ನಾನು ಒಬ್ಬ ಅಜ್ಜನನ್ನು ಕೇಳಿದ್ದೆ. ಅವರು ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದು, "ಅವನ ಗಡಿ ಅಲ್ಲಿಗೇ ಮುಗೀತದಲ್ಲ, ಹ್ಯಾಂಗೆ ಬರ್ತಾನೆ?" ಅಂದರು. ಅಷ್ಟೆ. ಮುಂದೆ ಮಾತಾಡಲಿಲ್ಲ.

ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ತೀರಾ ಇಳಿದರೆ ಅದರಲ್ಲಿ ಮುಳುಗಿದ 1948ರ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಈ ಸಲ ಇಳಿದರೆ ಫೋನ್ ಮಾಡುತ್ತೇನೆ, ಹೋಗೋಣ. ಟೊಪ್ಪಿ ತಾ, ಅಲ್ಲಿ ನೆರಳಿಲ್ಲ. ಒಂದು ತೆಂಗಿನಕಾಯಿಯೂ ಇರಲಿ.

ನಿನ್ನ,
ಸಾಗರದ ಅಣ್ಣ